ಗಾಯ ಮಾಯ್ದರೂ ಮಾಯದ ಅಂಜಿಕೆ: ಮನಶ್ಶಾಸ್ತ್ರಜ್ಞರ ಖಾಸಗಿ ಸೇವೆ ಮತ್ತು ಸಣ್ಣ ಉದ್ದಿಮೆದಾರ

ಶಿವಗಂಗೆ ಬೆಟ್ಟದ ತಪ್ಪಲಿನಿಂದ ಇಳಿದು ಬರುವ ರಸ್ತೆ ಕೆಲವೇ ಕಿಲೋಮೀಟರುಗಳಲ್ಲಿ ಡಾಬಸ್‌ಪೇಟೆಯ ಬಳಿ ಬೆಂಗಳೂರು–ತುಮಕೂರು ಹೆದ್ದಾರಿಯನ್ನು ಸೇರುತ್ತದೆ. ಒಂದು ಕಾಲಕ್ಕೆ ಯಾತ್ರಿಕರು ಮತ್ತು ಸಂತೆಯ ಗಾಡಿಗಳು ಓಡಾಡುತ್ತಿದ್ದ ಈ ಭಾಗದಲ್ಲಿ ಈಗ ಸೋಂಪುರ ಕೈಗಾರಿಕಾ ಪ್ರದೇಶದ ಶೆಡ್ಡುಗಳೂ, ಗೋದಾಮುಗಳೂ, ಹಗಲಿರುಳು ಸಾಗುವ ಲಾರಿಗಳೂ ತುಂಬಿವೆ. ಉದ್ಯಮ ಬಂದಲ್ಲಿ ಅಪಘಾತವೂ ಬರುತ್ತದೆ. ಅಪಘಾತದಲ್ಲಿ ಆದ ದೇಹದ ಗಾಯಕ್ಕೆ ಆಸ್ಪತ್ರೆಯಿದೆ, ವಿಮೆಯಿದೆ, ಪರಿಹಾರದ ಕಾನೂನಿದೆ. ಅದೇ ಘಟನೆಯಿಂದ ಮನಸ್ಸಿಗಾದ ಗಾಯದ ಬಗ್ಗೆ ಮಾತ್ರ ನಮ್ಮ ಉದ್ಯಮ ವಲಯದಲ್ಲಿ ಇನ್ನೂ ಸ್ಪಷ್ಟ ತಿಳುವಳಿಕೆ ಮೂಡಿಲ್ಲ.

ಉದಾಹರಣೆಗಾಗಿ ಪವರ್ ಪ್ರೆಸ್ ಇರುವ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಬಹುದು. ಕಾರ್ಮಿಕನೊಬ್ಬನ ಎರಡು ಬೆರಳುಗಳು ಡೈ ನಡುವೆ ಸಿಕ್ಕಿ ತುಂಡಾಗುತ್ತವೆ. ಮಾಲೀಕರು ಕೂಡಲೇ ಆಸ್ಪತ್ರೆಗೆ ಸೇರಿಸುತ್ತಾರೆ, ಅಪಘಾತದ ವಹಿಯಲ್ಲಿ ನಮೂದಿಸುತ್ತಾರೆ, ಪರಿಹಾರದ ಕಾಗದಪತ್ರಗಳನ್ನು ಪೂರೈಸುತ್ತಾರೆ. ಲೆಕ್ಕದ ಪ್ರಕಾರ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಪಕ್ಕದ ಯಂತ್ರದಲ್ಲಿದ್ದು, ಓಡಿಬಂದು ಸ್ವಿಚ್ ಆರಿಸಿ, ಆ ಕೈಯನ್ನು ಹೊರತೆಗೆದವನು ಇನ್ನೊಬ್ಬ. ಅವನಿಗೆ ಒಂದು ಗೀರೂ ಆಗಿಲ್ಲ. ಆರು ವಾರ ಕಳೆದರೂ ಪ್ರೆಸ್ಸಿನ ಸದ್ದಿಗೆ ಅವನು ಬೆಚ್ಚಿಬೀಳುತ್ತಾನೆ. ರಾತ್ರಿ ನಿದ್ರೆಯಿಲ್ಲ. ಯಂತ್ರದ ಹತ್ತಿರ ಹೋಗದಿರಲು ಏನಾದರೊಂದು ಕಾರಣ ಹೇಳುತ್ತಾನೆ. ತಿರಸ್ಕೃತ ಮಾಲು ಹೆಚ್ಚುತ್ತದೆ, ಸಂಜೆಯ ಕುಡಿತವೂ ಹೆಚ್ಚುತ್ತದೆ. ಮೇಸ್ತ್ರಿ ಇದನ್ನು ಸೋಮಾರಿತನವೆಂದು ವರದಿ ಮಾಡುತ್ತಾನೆ. ಕೊನೆಗೆ ಹತ್ತು ವರ್ಷ ಪಳಗಿದ ಕೈಯೊಂದು ಕೆಲಸ ಬಿಟ್ಟು ಹೋಗುತ್ತದೆ. ಈ ನಷ್ಟಕ್ಕೆ ಯಾವ ಲೆಡ್ಜರಿನಲ್ಲಿಯೂ ತಲೆಬರಹವಿಲ್ಲ.

ವೈದ್ಯಶಾಸ್ತ್ರದಲ್ಲಿ ಈ ಸ್ಥಿತಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಹೆಸರು. ಮೊದಲನೆಯ ಮಹಾಯುದ್ಧದ ಸೈನಿಕರಲ್ಲಿ ‘ಶೆಲ್ ಶಾಕ್’ ಎಂದು ಗುರುತಿಸಲ್ಪಟ್ಟಿದ್ದ ಲಕ್ಷಣಗಳಿಗೆ ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ರೋಗಪಟ್ಟಿಯಲ್ಲಿ ಸ್ಥಾನ ನೀಡಿತು. ಇದು ಪರದೇಶದ ಕಾಯಿಲೆಯೆಂದು ಭಾವಿಸುವವರು ಬೆಂಗಳೂರಿನದೇ ಇತಿಹಾಸವನ್ನು ನೆನಪಿಸಿಕೊಳ್ಳಬೇಕು. 1981ರ ಫೆಬ್ರವರಿ 7ರಂದು ನಗರದಲ್ಲಿ ಬೀಡುಬಿಟ್ಟಿದ್ದ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಆ ಕುಟುಂಬಗಳ ದುಃಖದ ಪರಿಯನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿ 1987ರಲ್ಲಿ ಪ್ರಕಟಿಸಿದರು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ನೀಡಿದವರಲ್ಲಿಯೂ ಬೆಂಗಳೂರಿನ ಇದೇ ಸಂಸ್ಥೆಯ ತಜ್ಞರಿದ್ದರು. ಭೋಪಾಲಿನದು ಕಾರ್ಖಾನೆಯಲ್ಲಿ ಘಟಿಸಿದ ದುರಂತವೆಂಬುದನ್ನು ಉದ್ಯಮಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಚಿಕಿತ್ಸಾ ಮನಶ್ಶಾಸ್ತ್ರವನ್ನು ವೃತ್ತಿಯಾಗಿ ಕಲಿಸುವ ಕಾರ್ಯ ಬೆಂಗಳೂರಿನಲ್ಲಿ 1950ರ ದಶಕದಲ್ಲಿಯೇ ಮೊದಲಾಯಿತು. ಅಂದಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ವಿಲೀನಗೊಂಡು ನಿಮ್ಹಾನ್ಸ್ ಆಯಿತು. ಅಲ್ಲಿಯೂ ಇತರೆಡೆಗಳಲ್ಲಿಯೂ ತರಬೇತಿ ಪಡೆದ ಅನೇಕರು ಇಂದು ನಗರದ ಬಡಾವಣೆಗಳಲ್ಲಿ ಖಾಸಗಿಯಾಗಿ ವೃತ್ತಿ ನಡೆಸುತ್ತಿದ್ದಾರೆ. ಕೆಲವರ ಫಲಕದಲ್ಲಿ ‘ಟ್ರಾಮಾ ಇನ್‌ಫಾರ್ಮ್ಡ್’ ಎಂಬ ಮಾತು ಕಾಣಿಸುತ್ತದೆ. ಆಘಾತದ ಅರಿವುಳ್ಳ ಚಿಕಿತ್ಸೆ ಎಂದು ಇದನ್ನು ಕನ್ನಡದಲ್ಲಿ ಹೇಳಬಹುದು. ಬಂದವನನ್ನು ‘ನಿನಗೇನು ರೋಗ’ ಎಂದು ಕೇಳುವುದಕ್ಕಿಂತ ‘ನಿನಗೆ ಏನಾಯಿತು’ ಎಂದು ತಿಳಿಯುವುದು, ಘಟನೆಯನ್ನು ಬಲವಂತವಾಗಿ ಹೇಳಿಸದಿರುವುದು, ಪ್ರತಿ ಹೆಜ್ಜೆಯಲ್ಲಿಯೂ ಅವನ ಒಪ್ಪಿಗೆ ಪಡೆಯುವುದು, ಮೊದಲು ಸುರಕ್ಷತೆಯ ಭಾವ ಮೂಡಿಸುವುದು ಇದರ ತಿರುಳು. ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2014ರಲ್ಲಿ ಈ ತತ್ತ್ವಗಳನ್ನು ಕ್ರೋಡೀಕರಿಸಿತು.

ಮಾಪನ ಬೇರೆ, ಚಿಕಿತ್ಸೆ ಬೇರೆ

ಮನಶ್ಶಾಸ್ತ್ರಜ್ಞರ ಕೆಲಸದಲ್ಲಿ ಎರಡು ಭಾಗಗಳುಂಟು. ಮೊದಲನೆಯದು ಮಾಪನ. ದೀರ್ಘ ಸಂದರ್ಶನದ ಜೊತೆಗೆ ಪ್ರಮಾಣೀಕೃತ ಪ್ರಶ್ನಾವಳಿಗಳನ್ನು ಬಳಸುತ್ತಾರೆ. ಬಹಳವಾಗಿ ಬಳಕೆಯಲ್ಲಿರುವ ಪಿ.ಸಿ.ಎಲ್.–5 ಎಂಬುದರಲ್ಲಿ 20 ಪ್ರಶ್ನೆಗಳಿದ್ದು ಒಟ್ಟು ಅಂಕ 80. ಸಾಮಾನ್ಯವಾಗಿ 31ರಿಂದ 33 ಅಂಕ ದಾಟಿದರೆ ಹೆಚ್ಚಿನ ಪರಿಶೀಲನೆ ಅಗತ್ಯವೆಂದು ಭಾವಿಸಲಾಗುತ್ತದೆ. ಅಂಕವೊಂದೇ ರೋಗನಿರ್ಣಯವಲ್ಲ, ತಾಳೆಪಟ್ಟಿಯೊಂದೇ ಲೆಕ್ಕಪರಿಶೋಧನೆಯಲ್ಲವಷ್ಟೆ. ಲಕ್ಷಣಗಳು ಒಂದು ತಿಂಗಳಿಗೂ ಮಿಕ್ಕಿ ಉಳಿದಾಗ ಮಾತ್ರ ಈ ಕಾಯಿಲೆಯ ಹೆಸರನ್ನು ಹಚ್ಚುತ್ತಾರೆ. ಅಷ್ಟರೊಳಗೆ ಬಹಳ ಮಂದಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ.

ಎರಡನೆಯದು ಚಿಕಿತ್ಸೆ. ಆಘಾತಕ್ಕೆಂದೇ ರೂಪಿಸಿದ ಅರಿವು–ವರ್ತನಾ ಚಿಕಿತ್ಸೆಯನ್ನೂ, ಕಣ್ಣಿನ ಚಲನೆಯನ್ನು ಬಳಸುವ ಇ.ಎಂ.ಡಿ.ಆರ್. ಪದ್ಧತಿಯನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಸಾಮಾನ್ಯ ಪ್ರಕರಣಗಳಲ್ಲಿ 8ರಿಂದ 12 ಭೇಟಿಗಳು ಬೇಕಾಗಬಹುದು. ಬಾಲ್ಯದಿಂದಲೂ ಹಿಂಸೆ ಕಂಡವರಿಗೆ ಇನ್ನೂ ದೀರ್ಘಕಾಲ ಹಿಡಿಯುತ್ತದೆ. ಔಷಧ ಬರೆಯುವ ಅಧಿಕಾರ ಮನಶ್ಶಾಸ್ತ್ರಜ್ಞರಿಗಿಲ್ಲ. ಅದಕ್ಕೆ ಮನೋವೈದ್ಯರನ್ನೇ ಕಾಣಬೇಕು.

ಅಪಘಾತವಾದ ಮರುದಿನವೇ ಎಲ್ಲ ಕಾರ್ಮಿಕರನ್ನೂ ಒಂದೆಡೆ ಕೂಡಿಸಿ ‘ಮನಸ್ಸಿನಲ್ಲಿರುವುದನ್ನು ಹೇಳಿಬಿಡಿ’ ಎಂದು ಒತ್ತಾಯಿಸುವ ಸದುದ್ದೇಶದ ಮಾಲೀಕರಿದ್ದಾರೆ. ಇದರಿಂದ ಪ್ರಯೋಜನವಿಲ್ಲವೆಂದೂ, ಕೆಲವರಿಗೆ ತೊಂದರೆಯೇ ಆದೀತೆಂದೂ ಸಂಶೋಧನೆಗಳು ತೋರಿಸಿವೆ. ಅದಕ್ಕೆ ಬದಲಾಗಿ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಕೈಪಿಡಿಯು ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಸೂಚಿಸುತ್ತದೆ: ಯಾರಿಗೆ ಏನು ಬೇಕೆಂದು ನೋಡುವುದು, ಹೇಳಿದಷ್ಟನ್ನು ಕೇಳುವುದು, ನೆರವಿನೊಡನೆ ಜೋಡಿಸುವುದು. ಇದನ್ನು ಮೇಸ್ತ್ರಿಯೂ ಕಲಿಯಬಹುದು.

ನಮ್ಮ ಹಳ್ಳಿಗಳಲ್ಲಿ ಬೆಚ್ಚಿದವರಿಗೆ ದೃಷ್ಟಿ ತೆಗೆದು, ತಾಯಿತ ಕಟ್ಟಿಸಿ, ಗಂಗಾಧರೇಶ್ವರನಿಗೆ ಹರಕೆ ಹೊರುವ ರೂಢಿಯಿದೆ. ಇದನ್ನು ಹೀಗಳೆಯಬೇಕಾಗಿಲ್ಲ. ಹೆದರಿದವನ ಸುತ್ತ ಮನೆಮಂದಿ ಸೇರುವುದೇ ಒಂದು ನೆರವು. ಆದರೆ ಒಳಕಲ್ಲು ತೀರ್ಥಕ್ಕೆ ಕೈ ಹಾಕಿ ಬಂದ ಮೇಲೂ ತಿಂಗಳುಗಟ್ಟಲೆ ನಿದ್ರೆ ಬಾರದಿದ್ದರೆ ತಜ್ಞರ ಬಳಿಗೆ ಹೋಗುವುದಕ್ಕೆ ದೇವರ ಅಡ್ಡಿಯೇನೂ ಇಲ್ಲ.

ಯಾರು ಅರ್ಹರು, ಹಣ ಯಾರದು

ಫಲಕ ಹಾಕಿದವರೆಲ್ಲರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಲ್ಲ. 1992ರ ಕಾಯ್ದೆಯನ್ವಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಹೊಂದಿದವರಿಗೆ ಮಾತ್ರ ಆ ಸ್ಥಾನ ಸಲ್ಲುತ್ತದೆ. ಆಪ್ತಸಮಾಲೋಚಕರಲ್ಲಿಯೂ ಸಮರ್ಥರಿದ್ದಾರೆ, ಆದರೆ ಅವರ ತರಬೇತಿಯ ವ್ಯಾಪ್ತಿ ಬೇರೆ. ಸರಕು ಕೊಳ್ಳುವಾಗ ಪೂರೈಕೆದಾರನ ಜಿ.ಎಸ್.ಟಿ. ಸಂಖ್ಯೆ ಕೇಳುವ ಉದ್ದಿಮೆದಾರರು ಇಲ್ಲಿ ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬಾರದು.

ತೆರಿಗೆಯ ದೃಷ್ಟಿಯಿಂದ ಎಚ್ಚರಿಕೆಯ ಒಂದೆರಡು ಮಾತುಗಳಿವೆ. ಸೇವಾದಾರರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಜಿ.ಎಸ್.ಟಿ. ನೋಂದಣಿಯ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಮೀರಿದಲ್ಲಿ, ಚಿಕಿತ್ಸಾ ಸಂಸ್ಥೆ, ಅಧಿಕೃತ ವೈದ್ಯ ಅಥವಾ ಅರೆವೈದ್ಯಕೀಯ ವೃತ್ತಿಪರರು ನೀಡುವ ಆರೋಗ್ಯ ಸೇವೆಗೆ ವಿನಾಯಿತಿಯಿದೆ. ಆದರೆ ಕಾರ್ಖಾನೆಯಲ್ಲಿ ನಡೆಸುವ ‘ಒತ್ತಡ ನಿರ್ವಹಣೆ’ಯ ತರಬೇತಿ ಶಿಬಿರವನ್ನು ಚಿಕಿತ್ಸೆಯೆಂದು ಬಿಲ್ಲಿನಲ್ಲಿ ಬರೆಸಿಕೊಂಡು ವಿನಾಯಿತಿ ಪಡೆಯಲಾಗದು. ವೃತ್ತಿ ಶುಲ್ಕದ ಮೇಲೆ ಮೂಲದಲ್ಲಿ ತೆರಿಗೆ ಕಡಿತದ ವಾರ್ಷಿಕ ಮಿತಿಯು 2025ರ ಏಪ್ರಿಲ್ 1ರಿಂದ 30,000ದಿಂದ 50,000 ರೂಪಾಯಿಗಳಿಗೆ ಏರಿದೆ.

ವಿಮೆಯ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ರಕ್ಷಣೆ ನೀಡಬೇಕೆಂದು ವಿಮಾ ಕಂಪನಿಗಳಿಗೆ ವಿಧಿಸಿದೆ. ಕಾನೂನು ಒಳ್ಳೆಯದೇ. ಆದರೆ ಬಹುಪಾಲು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದವರ ವೆಚ್ಚವನ್ನಷ್ಟೇ ಭರಿಸುತ್ತವೆ. ವಾರಕ್ಕೊಮ್ಮೆ ಒಂದು ಗಂಟೆ ಕುಳಿತು ಪಡೆಯುವ ಚಿಕಿತ್ಸೆಯು ಹೊರರೋಗಿ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಬರುವುದಿಲ್ಲ. ಸಮೂಹ ವಿಮೆಯನ್ನು ನವೀಕರಿಸುವಾಗ ಈ ಒಂದು ಸಾಲನ್ನು ಓದಿ ನೋಡುವುದು ಲೇಸು.

ಹೀಗಾಗಿ ಶುಲ್ಕ ಮಾಲೀಕರ ಕೈಯಿಂದಲೇ ಹೋಗಬೇಕಾಗಬಹುದು. ಅಲ್ಲಿಯೇ ನಿಜವಾದ ತೊಡಕಿರುವುದು. ಹಣ ಕೊಟ್ಟವರಿಗೆ ವರದಿ ಕೇಳುವ ಹಕ್ಕಿದೆಯೆಂದು ವ್ಯಾಪಾರಿಗೆ ಸಹಜವಾಗಿಯೇ ತೋರುತ್ತದೆ. ಇಲ್ಲಿ ಹಾಗಿಲ್ಲ. ಮೇಲೆ ಹೇಳಿದ ಕಾಯ್ದೆಯು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಮಾಲೀಕರಿಗೆ ಎಲ್ಲವೂ ತಿಳಿಯುತ್ತದೆಂದು ಗೊತ್ತಾದರೆ ಕಾರ್ಮಿಕನು ಬಾಯಿ ಬಿಡುವುದಿಲ್ಲ, ಕೊಟ್ಟ ಶುಲ್ಕವೂ ವ್ಯರ್ಥವಾಗುತ್ತದೆ. ಯಂತ್ರದ ಕೆಲಸಕ್ಕೆ ಮರಳಬಹುದೇ ಎಂಬ ಅಭಿಪ್ರಾಯ ಅಗತ್ಯವಾದಲ್ಲಿ ಅದಕ್ಕಾಗಿ ಕಾರ್ಮಿಕನ ಲಿಖಿತ ಒಪ್ಪಿಗೆ ಪಡೆದು, ಚಿಕಿತ್ಸೆ ನೀಡುತ್ತಿರುವವರನ್ನು ಬಿಟ್ಟು ಬೇರೊಬ್ಬರಿಂದ ಮಾಪನ ಮಾಡಿಸುವುದು ಉತ್ತಮ ಪದ್ಧತಿ.

ಶಿವಗಂಗೆಯ ಕಡೆಯವರಿಗೆ ದೂರವೂ ಒಂದು ವೆಚ್ಚವೇ. ನಗರ ಸುಮಾರು 50 ಕಿಲೋಮೀಟರ್. ಹತ್ತು ಭೇಟಿಗಳೆಂದರೆ ದಿನಗೂಲಿಯವನಿಗೆ ಹತ್ತು ದಿನಗಳ ಕೂಲಿಯೇ ಹೋದಂತೆ. ಶುಲ್ಕವನ್ನು ಮಾತ್ರ ಕೊಟ್ಟು ರಜೆಯನ್ನು ಕೊಡದ ಮಾಲೀಕರು ಅರ್ಧ ನೆರವನ್ನಷ್ಟೇ ಕೊಟ್ಟಂತಾಗುತ್ತದೆ. ಕೆಲವು ತಜ್ಞರು ವಿಡಿಯೊ ಕರೆಯ ಮೂಲಕವೂ ಚಿಕಿತ್ಸೆ ನೀಡುತ್ತಾರೆ. ಆದರೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವವನು ಅದಕ್ಕೆ ಎಲ್ಲಿ ಕುಳಿತಾನು? ಕಾರ್ಖಾನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೊಠಡಿಯೊಂದನ್ನು ವಾರಕ್ಕೊಂದು ಗಂಟೆ ಬಿಟ್ಟುಕೊಟ್ಟರೂ ಸಾಕು.

ಶುಲ್ಕ ಭರಿಸಲಾಗದವರಿಗೆ ಸರ್ಕಾರಿ ವ್ಯವಸ್ಥೆಯಿದೆ. ಇ.ಎಸ್.ಐ. ವ್ಯಾಪ್ತಿಯಲ್ಲಿರುವವರು ಅಲ್ಲಿನ ವೈದ್ಯರ ಮೂಲಕ ಮುಂದುವರಿಯಬಹುದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ತುರ್ತು ಸಂಖ್ಯೆಗಳ ಫಲಕದಲ್ಲಿ ಅಗ್ನಿಶಾಮಕ ದಳ ಮತ್ತು ಆಂಬುಲೆನ್ಸಿನ ಸಂಖ್ಯೆಗಳ ಕೆಳಗೆ ಇದನ್ನೂ ಬರೆಸಬಹುದು.

ಹತ್ತಾರು ಸಣ್ಣ ಘಟಕಗಳು ಒಟ್ಟಾಗಿ ಒಬ್ಬ ನೋಂದಾಯಿತ ಮನಶ್ಶಾಸ್ತ್ರಜ್ಞರೊಡನೆ ವಾರ್ಷಿಕ ಒಪ್ಪಂದ ಮಾಡಿಕೊಂಡರೆ ತಲಾ ವೆಚ್ಚ ಇಳಿಯುತ್ತದೆ. ಯಾವ ಘಟಕದಿಂದ ಯಾರು ಬಂದರೆಂಬುದೂ ಹೊರಬೀಳುವುದಿಲ್ಲ. ಅಂತಹ ಒಪ್ಪಂದದಲ್ಲಿ ಒಂದು ಷರತ್ತನ್ನು ಮರೆಯದೆ ಸೇರಿಸಬೇಕು: ತಿಂಗಳ ಬಿಲ್ಲಿನಲ್ಲಿ ಭೇಟಿಗಳ ಸಂಖ್ಯೆ ಮತ್ತು ಮೊತ್ತ ಮಾತ್ರ ಇರತಕ್ಕದ್ದು, ಕಾರ್ಮಿಕರ ಹೆಸರು ಇರತಕ್ಕದ್ದಲ್ಲ. ಲೆಕ್ಕಪರಿಶೋಧಕರಿಗೆ ಅಷ್ಟು ಸಾಕಾಗುತ್ತದೆ.