ಬಾಗಿದ ಫೋರ್ಕ್ ಬದಲಿಸುವ ಮುನ್ನ

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದವರು ಎಂಜಿನ್ ಸದ್ದು ಕೇಳುತ್ತಾರೆ, ಟ್ಯಾಂಕಿನ ಬಣ್ಣ ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೀಟರ್ ನೋಡುತ್ತಾರೆ. ಮುಂದಿನ ಫೋರ್ಕ್ ಕಡೆ ಕಣ್ಣು ಹೋಗುವುದು ಕಡಿಮೆ. ಆದರೆ ಗಾಡಿ ಎಂದಾದರೂ ಮುಂದಿನಿಂದ ಗುದ್ದಿದ್ದರೆ ಅದರ ಗುರುತು ಮೊದಲು ಸಿಗುವುದು ಅಲ್ಲಿಯೇ. ಗಾಡಿ ಈಗಾಗಲೇ ಮನೆಗೆ ಬಂದಿದ್ದು, ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತಿದ್ದರೆ ಅಥವಾ ಮುಂದಿನ ಕಾಲಿನ ಮೇಲೆ ಎಣ್ಣೆ ಇಳಿಯುತ್ತಿದ್ದರೆ, ಗ್ಯಾರೇಜಿಗೆ ಹೋಗುವ ಮೊದಲು ಇದನ್ನು ಒಮ್ಮೆ ಓದಿಕೊಳ್ಳಿ.

ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದ ಎರಡು ಕಾಲುಗಳೇ ಫೋರ್ಕ್. ಗ್ಯಾರೇಜಿನಲ್ಲಿ ಇದನ್ನು ಫ್ರಂಟ್ ಶಾಕ್ ಎಂದೂ ಕರೆಯುತ್ತಾರೆ. ಪ್ರತಿ ಕಾಲಿನಲ್ಲಿ ಎರಡು ಭಾಗ. ಮೇಲಿನಿಂದ ಇಳಿಯುವ ಹೊಳೆಯುವ ಉಕ್ಕಿನ ಕೊಳವೆ ಫೋರ್ಕ್ ಪೈಪ್. ಅದು ಜಾರಿ ಒಳಗಿಳಿಯುವ ಅಲ್ಯೂಮಿನಿಯಂ ಕವಚ ಬಾಟಮ್. ಸೈಕಲ್ ಪಂಪಿನಂತೆ ಒಂದು ಇನ್ನೊಂದರೊಳಗೆ ಹೋಗಿ ಬರುತ್ತದೆ. ಒಳಗಿನ ಸ್ಪ್ರಿಂಗ್ ಭಾರ ಹೊರುತ್ತದೆ. ಜೊತೆಗಿರುವ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾದುಹೋಗಬೇಕಾದ್ದರಿಂದ ಸ್ಪ್ರಿಂಗ್ ಪುಟಿಯುವ ವೇಗ ತಗ್ಗುತ್ತದೆ. ಆ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ ಆಯಿಲ್ ಸೀಲ್. ಎರಡೂ ಪೈಪ್‌ಗಳನ್ನು ಮೇಲೆ ಬಿಗಿಹಿಡಿದಿರುವುದು ಟಿ; ಮೇಲಿನದೊಂದು, ಕೆಳಗಿನದೊಂದು. ಕೆಳಗಿನ ಟಿಯ ದಂಡ ಚಾಸಿಸ್‌ನ ತಲೆಯೊಳಗೆ ಕೋನ್ ಸೆಟ್ ಎಂಬ ಬೇರಿಂಗ್ ಮೇಲೆ ತಿರುಗುತ್ತದೆ. ಜರ್ಮನಿಯ ಬಿಎಂಡಬ್ಲ್ಯು 1935ರಲ್ಲಿ ಆರ್12 ಬೈಕಿಗೆ ಎಣ್ಣೆ ತುಂಬಿದ ಈ ಬಗೆಯ ಫೋರ್ಕ್ ಹಾಕಿತು. ಮೂಲ ರಚನೆ ಈಗಲೂ ಹೆಚ್ಚು ಬದಲಾಗಿಲ್ಲ. ಹಾಗಾಗಿ ಸಣ್ಣ ಊರಿನ ಮೆಕ್ಯಾನಿಕ್‌ಗೂ ಈ ಕೆಲಸ ಗೊತ್ತಿರುತ್ತದೆ.

ಗುದ್ದಿದ ಗಾಡಿಯಲ್ಲಿ ನಾಲ್ಕು ಸಂಗತಿ ನಡೆದಿರಬಹುದು. ಪೈಪ್ ಬಾಗದೆ, ಟಿ ಹಿಡಿತದಲ್ಲಿ ಸ್ವಲ್ಪ ತಿರುಚಿಕೊಂಡಿರಬಹುದು. ಪೈಪ್ ಬಾಗಿರಬಹುದು. ಟಿ ಬಾಗಿರಬಹುದು. ಚಾಸಿಸ್ಸೇ ಬಾಗಿರಬಹುದು. ಇವುಗಳಲ್ಲಿ ಯಾವುದು ಎಂದು ತಿಳಿಯದೆ ಹೊಸ ಫೋರ್ಕ್ ಕೊಳ್ಳಬೇಡಿ. ಬಾಗಿದ ಟಿಗೆ ಹೊಸ ಪೈಪ್ ಹಾಕಿದರೆ ದುಡ್ಡೂ ಹೋಗುತ್ತದೆ, ಹ್ಯಾಂಡಲ್ ಎಳೆಯುವುದೂ ನಿಲ್ಲುವುದಿಲ್ಲ.

ಮೊದಲು ಚಾಸಿಸ್ ನೋಡಿ. ಹ್ಯಾಂಡಲ್ ಕೆಳಗಿನ ತಲೆಭಾಗದಿಂದ ಎಂಜಿನ್ ಕಡೆಗೆ ಇಳಿಯುವ ಕೊಳವೆಯನ್ನು ಬೆರಳಿನಿಂದ ಸವರಿ. ಬಣ್ಣ ಬಿರುಕು ಬಿಟ್ಟಿದ್ದರೆ, ಲೋಹ ಸುಕ್ಕುಗಟ್ಟಿದ್ದರೆ, ಅಲ್ಲಷ್ಟೇ ಹೊಸ ಬಣ್ಣ ಹೊಡೆದಿದ್ದರೆ ಅನುಮಾನಪಡಿ. ಚಾಸಿಸ್ ಬಾಗಿರುವ ಗಾಡಿಗೆ ಫೋರ್ಕ್ ಹಾಕಿ ಪ್ರಯೋಜನವಿಲ್ಲ. ಚಾಸಿಸ್ ಬದಲಿಸಿದರೆ ಅದರ ನಂಬರ್ ಬದಲಾಗುತ್ತದೆ, ಆರ್‌ಟಿಓ ಕಚೇರಿಯಲ್ಲಿ ಅದನ್ನು ಆರ್‌ಸಿಗೆ ಸೇರಿಸಬೇಕು. ಇನ್ನೂ ಗಾಡಿ ಕೊಂಡಿಲ್ಲವಾದರೆ ನನ್ನ ಸಲಹೆ ಒಂದೇ: ಎಷ್ಟು ಕಡಿಮೆಗೆ ಕೊಟ್ಟರೂ ಅದನ್ನು ಬಿಟ್ಟುಬಿಡಿ.

ಚಾಸಿಸ್ ಸರಿಯಿದ್ದರೆ ಮುಂದಿನ ಚಕ್ರ ನೆಲಬಿಡುವಂತೆ ಎಂಜಿನ್ ಕೆಳಗೆ ಆಧಾರ ಕೊಡಿ. ಹ್ಯಾಂಡಲ್ ಅನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ನೇರ ಬರುವ ಜಾಗದಲ್ಲಿ ಕಚ್ಚಿ ನಿಂತಂತಾದರೆ ಕೋನ್ ಸೆಟ್‌ನಲ್ಲಿ ಗುಳಿ ಬಿದ್ದಿದೆ. ಫೋರ್ಕ್‌ನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಟಕ್ ಎಂದರೆ ಅದು ಸಡಿಲವಾಗಿದೆ. ನಂತರ ಪಕ್ಕದಲ್ಲಿ ಕುಳಿತು ಎರಡೂ ಪೈಪ್‌ಗಳನ್ನು ಒಂದೇ ನೇರದಲ್ಲಿ ನೋಡಿ. ಹತ್ತಿರದ ಪೈಪ್ ದೂರದ ಪೈಪನ್ನು ಪೂರ್ತಿ ಮರೆಮಾಡಬೇಕು. ಒಂದು ಹಿಂದೆ, ಒಂದು ಮುಂದೆ ಕಂಡರೆ ತಿರುಚಿದೆ ಅಥವಾ ಬಾಗಿದೆ.

ಬರೀ ತಿರುಚಿದ್ದರೆ ಪುಣ್ಯ. ಕೆಳಗಿನ ಟಿ ಬೋಲ್ಟ್‌ಗಳು, ಆಕ್ಸಲ್, ಮಡ್‌ಗಾರ್ಡ್ ಬೋಲ್ಟ್‌ಗಳನ್ನು ಸಡಿಲಿಸಿ, ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲ್ ತಿರುಗಿಸಿ ನೇರ ಮಾಡಿ ಮತ್ತೆ ಬಿಗಿ ಮಾಡಿದರೆ ಸಾಕು. ಯಾವ ಭಾಗವೂ ಕೊಳ್ಳಬೇಕಿಲ್ಲ. ಹೊಸ ಫೋರ್ಕ್ ಹಾಕಲೇಬೇಕು ಎನ್ನುವವರಿಗೆ ಮೊದಲು ಇಷ್ಟು ಮಾಡಿ ನೋಡುವಂತೆ ಹೇಳಿ.

ಅಷ್ಟಕ್ಕೂ ಸರಿಹೋಗದಿದ್ದರೆ ಪೈಪ್ ಬಿಚ್ಚಿ ಪರೀಕ್ಷಿಸಬೇಕು. ಸಮತಟ್ಟಾದ ಗ್ರಾನೈಟ್ ಅಥವಾ ದಪ್ಪ ಗಾಜಿನ ಮೇಲೆ ಉರುಳಿಸಿದರೆ ದೊಡ್ಡ ಬಾಗು ಕಣ್ಣಿಗೇ ಕಾಣುತ್ತದೆ. ಸಣ್ಣ ಬಾಗು ಕಾಣುವುದಿಲ್ಲ. ಹೋಂಡಾದ ಸರ್ವಿಸ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಮಿತಿ 0.2 ಮಿಲಿಮೀಟರ್. ಅಷ್ಟು ಸೂಕ್ಷ್ಮವಾಗಿ ಅಳೆಯಲು ಲೇತ್ ಕೆಲಸದವರ ಬಳಿ ಡಯಲ್ ಗೇಜ್ ಎಂಬ ಮುಳ್ಳಿನ ಅಳತೆಗಡಿಯಾರ ಇರುತ್ತದೆ. ಪೈಪನ್ನು ಅದರ ಕೆಳಗೆ ತಿರುಗಿಸಿ ನೋಡಿ ಹೇಳುತ್ತಾರೆ. ಹಾಗೆಯೇ ಪೈಪಿನ ಮೇಲೆ ಉಗುರು ಆಡಿಸಿ. ಹೊಳಪಿನ ಕ್ರೋಮ್ ಪದರ ತುಕ್ಕು ಹಿಡಿದು ಚುಕ್ಕೆ ಚುಕ್ಕೆಯಾಗಿ ಕಿತ್ತಿದ್ದರೆ, ಪೈಪ್ ನೇರವಾಗಿದ್ದರೂ ಉಪಯೋಗವಿಲ್ಲ. ಆ ಚೂಪು ಅಂಚುಗಳು ಹೊಸ ಆಯಿಲ್ ಸೀಲನ್ನೂ ಹರಿದುಹಾಕುತ್ತವೆ. ಕರಾವಳಿಯ ಗಾಡಿಗಳಲ್ಲಿ ಉಪ್ಪುಗಾಳಿಯ ದೆಸೆಯಿಂದ ಇದು ಹೆಚ್ಚು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಬಾಗಿದ ಪೈಪನ್ನು ಪ್ರೆಸ್‌ನಲ್ಲಿ ಒತ್ತಿ ನೇರ ಮಾಡಿಸಬಹುದಲ್ಲ? ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ, ಖರ್ಚೂ ಕಡಿಮೆ. ಆದರೂ ನಾನು ಬೇಡವೆನ್ನುತ್ತೇನೆ. ಒಮ್ಮೆ ಬಾಗಿದ ಉಕ್ಕನ್ನು ಮತ್ತೆ ಉಲ್ಟಾ ಬಾಗಿಸಿದಾಗ ಆ ಜಾಗ ಮೊದಲಿನಂತೆ ಗಟ್ಟಿ ಇರುವುದಿಲ್ಲ. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ತುಕ್ಕು ಅಲ್ಲಿಂದ ಶುರುವಾಗುತ್ತದೆ. ಸಾಮಾನ್ಯವಾಗಿ ಪೈಪ್ ಬಾಗುವುದು ಕೆಳಗಿನ ಟಿಯ ಸ್ವಲ್ಪ ಕೆಳಗೆ. ಬ್ರೇಕ್ ಹಿಡಿದಾಗ ಅತಿ ಹೆಚ್ಚು ಒತ್ತಡ ಬೀಳುವುದೂ ಅಲ್ಲಿಯೇ. ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಆ ಉಳಿತಾಯ ಬೇಡ. ಪೈಪಿನಲ್ಲಿ ಮಡಿಕೆ ಬಿದ್ದಿದ್ದರಂತೂ ಆ ಮಾತನ್ನೇ ಎತ್ತಬೇಡಿ.

ಬಿಚ್ಚಿಸುವ ಮೊದಲು ಇನ್ಶೂರೆನ್ಸ್ ಯೋಚಿಸಿ. ಫುಲ್ ಇನ್ಶೂರೆನ್ಸ್ ಇದ್ದು ಅಪಘಾತ ಇತ್ತೀಚಿನದಾಗಿದ್ದರೆ, ಮೊದಲು ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮೊದಲು ಭಾಗಗಳನ್ನು ಬಿಚ್ಚಿದರೆ ಕ್ಲೇಮ್‌ಗೆ ತೊಂದರೆಯಾಗುತ್ತದೆ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಸವಕಳಿ ಕಳೆಯುತ್ತಾರೆ. 2ರಿಂದ 3 ವರ್ಷದ ಗಾಡಿಗೆ ಶೇ 15, 5ರಿಂದ 10 ವರ್ಷದ್ದಕ್ಕೆ ಶೇ 40, 10 ವರ್ಷ ದಾಟಿದ್ದಕ್ಕೆ ಶೇ 50. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ವಯಸ್ಸು ಎಷ್ಟೇ ಇದ್ದರೂ ಶೇ 50. ಹಳೆಯ ಗಾಡಿ ಕೊಂಡವರು ಎಡವುವ ಜಾಗವೊಂದಿದೆ. ಗಾಡಿ ಕೈಬದಲಾದಾಗ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿ ಹೊಸ ಮಾಲೀಕರಿಗೆ ಬರುತ್ತದೆ, ಸ್ವಂತ ಗಾಡಿಯ ಹಾನಿಯ ರಕ್ಷಣೆ ಬರುವುದಿಲ್ಲ. ಮಾಲೀಕತ್ವ ಬದಲಾದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದರೆ ಫೋರ್ಕ್ ಖರ್ಚು ನಿಮ್ಮ ಜೇಬಿನಿಂದಲೇ.

ಈಗ ಖರ್ಚಿನ ಲೆಕ್ಕ. 100ರಿಂದ 125 ಸಿಸಿ ಗಾಡಿಗಳಲ್ಲಿ ಒಂದು ಪೈಪಿಗೆ ಅಂದಾಜು 500ರಿಂದ 1,000 ರೂಪಾಯಿ, ಸೀಲ್ ಸೆಟ್ ಮತ್ತು ಎಣ್ಣೆಗೆ ಕೆಲವು ನೂರು, ಕೆಲಸಗಾರರ ಕೂಲಿ ಬೇರೆ. ಬಾಟಮ್, ಸ್ಪ್ರಿಂಗ್ ಎಲ್ಲ ಸೇರಿದ ಪೂರ್ತಿ ಜೋಡಿಯಾದರೆ ಕೆಲವು ಸಾವಿರಕ್ಕೆ ಏರುತ್ತದೆ. ದೊಡ್ಡ ಗಾಡಿಗಳಿಗೆ ಇನ್ನೂ ಹೆಚ್ಚು. ಆದ್ದರಿಂದ ಬಾಟಮ್ ಸೀಳಿಲ್ಲ, ಆಕ್ಸಲ್ ಕೂರುವ ಕಿವಿ ಮುರಿದಿಲ್ಲ ಎಂದಾದರೆ ಪೈಪ್, ಸೀಲ್, ಎಣ್ಣೆ ಬದಲಿಸಿದರೆ ಸಾಕು. ಸೀಲ್ ಮತ್ತು ಎಣ್ಣೆಯನ್ನು ಮಾತ್ರ ಎರಡೂ ಕಾಲಿಗೆ ಹೊಸದಾಗಿ ಹಾಕಿಸಿ. ಒಂದು ಕಾಲು ಗಟ್ಟಿ, ಇನ್ನೊಂದು ಮೆತ್ತಗೆ ಆಗಬಾರದು.

ಭಾಗ ಎಲ್ಲಿ ಸಿಗುತ್ತದೆ? ಆಯಾ ಕಂಪನಿಯ ಸ್ಪೇರ್ಸ್ ಕೌಂಟರ್ ಮೊದಲ ಆಯ್ಕೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ ಇದ್ದೇ ಇವೆ. ಬಹಳಷ್ಟು ಬೈಕ್ ಕಂಪನಿಗಳು ಫೋರ್ಕ್ ಅನ್ನು ತಾವೇ ಮಾಡುವುದಿಲ್ಲ. ಎಂಡ್ಯೂರೆನ್ಸ್, ಗೇಬ್ರಿಯಲ್, ಮುಂಜಾಲ್ ಶೋವಾದಂಥವರು ಮಾಡಿಕೊಡುತ್ತಾರೆ. ಅಂಗಡಿಗೆ ಹೋಗುವಾಗ ಆರ್‌ಸಿಯ ಫೋಟೋ, ಸಾಧ್ಯವಾದರೆ ಹಳೆಯ ಪೈಪನ್ನೇ ಒಯ್ಯಿರಿ. ಹೆಸರು ಒಂದೇ ಇದ್ದರೂ ವರ್ಷ ಬದಲಾದರೆ ಅಳತೆ ಬದಲಾಗುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಹಳೆಯ ಮಾದರಿಯ ಪೈಪ್ 35 ಮಿಲಿಮೀಟರ್, 2021ರಲ್ಲಿ ಬಂದ ಹೊಸದರದ್ದು 41. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದೆ.

ಶಿವಾಜಿನಗರದಂಥ ಗುಜರಿ ಸಾಲಿನಲ್ಲಿ ಅರ್ಧ ಬೆಲೆಗೆ ಪೂರ್ತಿ ಜೋಡಿ ಸಿಗುತ್ತದೆ. ಸಿಕ್ಕರೂ ಅದು ಯಾವ ಗಾಡಿಯಿಂದ ಬಿಚ್ಚಿದ್ದು ಎಂದು ತಿಳಿಯದು. ಬಾಟಮ್ ಅಥವಾ ಟಿ ಕೊಂಡರೆ ಅಡ್ಡಿಯಿಲ್ಲ, ಅಳೆಸಿ ನೋಡಿ ತನ್ನಿ. ಪೈಪ್ ಮಾತ್ರ ಹೊಸದೇ ಇರಲಿ. ಬೇರೆ ಬೈಕಿನ ದಪ್ಪ ಫೋರ್ಕ್ ಹಾಕಿಸುವ ಆಸೆ ಹುಡುಗರಿಗೆ ಇರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಒಪ್ಪುವುದಿಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಅದನ್ನೇ ಹಿಡಿದು ತಕರಾರು ತೆಗೆಯಬಹುದು.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರ್ ಬಿಚ್ಚಿ ದಾರದಲ್ಲಿ ಕಟ್ಟಿಡಬೇಕು, ಹೋಸ್ ಮೇಲೆ ನೇತಾಡಿಸಬಾರದು. ಡಿಸ್ಕ್ ಹೊರಗಿರುವಾಗ ಬ್ರೇಕ್ ಲಿವರ್ ಒತ್ತಲೇಬಾರದು. ಎಬಿಎಸ್ ಗಾಡಿಯಾದರೆ ಸೆನ್ಸರ್ ವೈರ್ ಕಡೆ ಗಮನವಿರಲಿ. ಪೈಪ್ ಟಿಯಿಂದ ಎಷ್ಟು ಮೇಲೆ ಬಂದಿದೆ ಎಂದು ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಬೇಕು. ಮೇಲಿನ ಮುಚ್ಚಳದ ಬೋಲ್ಟನ್ನು ಪೈಪ್ ಟಿಯಲ್ಲಿರುವಾಗಲೇ ಸ್ವಲ್ಪ ಸಡಿಲಿಸಿದರೆ ಮುಂದಿನ ಕೆಲಸ ಹಗುರ. ಪೂರ್ತಿ ತೆಗೆಯುವಾಗ ಮುಖ ದೂರವಿರಲಿ, ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಹೊಸ ಸೀಲ್ ಇಳಿಸುವಾಗ ಪೈಪಿನ ಅಂಚಿಗೆ ಟೇಪ್ ಸುತ್ತಿದರೆ ಸೀಲ್ ಹರಿಯುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಬಿಗಿಯಾಗಿರಿ. ಎಂಜಿನ್ ಆಯಿಲ್ ಸುರಿಯುವುದು ಬೇಡ, ಫೋರ್ಕ್ ಆಯಿಲ್ ಬೇರೆಯೇ ಸಿಗುತ್ತದೆ. ಯಾವ ದರ್ಜೆ, ಪ್ರತಿ ಕಾಲಿಗೆ ಎಷ್ಟು ಮಿಲಿಲೀಟರ್ ಎಂಬುದು ಕೈಪಿಡಿಯಲ್ಲಿದೆ. ಅಳತೆ ಲೋಟದಲ್ಲೇ ಹಾಕಬೇಕು. ಹೆಚ್ಚಾದರೆ ಒಳಗಿನ ಗಾಳಿ ಒತ್ತಡದಿಂದ ಸೀಲ್ ಕಿತ್ತುಬರುತ್ತದೆ, ಕಡಿಮೆಯಾದರೆ ಹಂಪ್ ಹಾರಿದಾಗ ತಳ ಬಡಿಯುತ್ತದೆ.

ಡ್ರಮ್ ಬ್ರೇಕ್ ಗಾಡಿಯಲ್ಲಿ ಒಂದು ಸಂಗತಿಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಬಾಟಮ್‌ನ ಒಳಮೈಯಲ್ಲಿ ಒಂದು ಉಬ್ಬು, ಬ್ರೇಕ್ ಪ್ಲೇಟಿನಲ್ಲಿ ಅದಕ್ಕೊಂದು ಕಚ್ಚು ಇರುತ್ತದೆ. ಉಬ್ಬು ಕಚ್ಚಿನೊಳಗೆ ಕೂತಿರಬೇಕು. ಕೂರದಿದ್ದರೆ ಮೊದಲ ಸಲ ಬ್ರೇಕ್ ಹಿಡಿದಾಗಲೇ ಪ್ಲೇಟ್ ಚಕ್ರದ ಜೊತೆ ತಿರುಗಿ, ಚಕ್ರ ಕಚ್ಚಿಕೊಂಡು ಸವಾರ ಬೀಳುತ್ತಾನೆ.

ಎಲ್ಲ ಜೋಡಿಸಿದ ಮೇಲೆ, ಆಕ್ಸಲ್ ನಟ್ ಕೊನೆಯ ಬಿಗಿ ಮಾಡುವ ಮುನ್ನ, ಗಾಡಿಯನ್ನು ನೆಲಕ್ಕಿಳಿಸಿ ಹ್ಯಾಂಡಲ್ ಮೇಲೆ ಭಾರ ಹಾಕಿ ಕೆಲವು ಸಲ ಒತ್ತಿಸಬೇಕು. ಆಗ ಎರಡೂ ಕಾಲು ತಮ್ಮ ನೇರಕ್ಕೆ ಬಂದು ಕೂರುತ್ತವೆ. ಆಮೇಲೆ ಬಿಗಿ. ಡಿಸ್ಕ್ ಗಾಡಿಯಲ್ಲಿ ರಸ್ತೆಗಿಳಿಯುವ ಮುನ್ನ ಲಿವರ್ ಗಟ್ಟಿಯಾಗುವ ತನಕ ಒತ್ತಿ ನೋಡಿ. ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಮೆಲ್ಲಗೆ ಬ್ರೇಕ್ ಹಿಡಿಯಿರಿ. ಒಂದು ವಾರದ ನಂತರ ಟಿ ಮತ್ತು ಆಕ್ಸಲ್ ಬಿಗಿಯನ್ನು ಇನ್ನೊಮ್ಮೆ ನೋಡಿಸಿ, ಪೈಪ್ ಮೇಲೆ ಎಣ್ಣೆಯ ಉಂಗುರ ಮೂಡಿದೆಯೇ ಗಮನಿಸಿ.

ಬಿಚ್ಚಿದ ಹಳೆಯ ಪೈಪ್‌ಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಬಿಟ್ಟರೆ ಪ್ರೆಸ್‌ಗೆ ಹೋಗಿ, ಉಜ್ಜಿ ಹೊಳಪು ಮಾಡಿಸಿಕೊಂಡು ಇನ್ನೊಬ್ಬರ ಗಾಡಿಗೆ ಏರಬಹುದು. ಗುಜರಿಗೆ ಹಾಕುವುದಿದ್ದರೆ ಬಾಗಿದ ಪೈಪನ್ನು ಅಲ್ಲೇ ಎರಡು ತುಂಡು ಮಾಡಿಸಿ ಹಾಕಿ.