ಆರು ಸೂತ, 20 ಎಂಎಂ ಮತ್ತು ಅಪ್ಪನ ಬಾಕಿ

2023ರ ದೀಪಾವಳಿಗೆ ಬೆಂಗಳೂರಿನಿಂದ ಮಹಾಲಿಂಗಪುರಕ್ಕೆ ಹೋಗಿದ್ದೆ. ಅಮಾವಾಸ್ಯೆ ದಿನ ಅಪ್ಪನ ಲೇಥ್ ವರ್ಕ್‌ಶಾಪ್‌ನಲ್ಲಿ ಲಕ್ಷ್ಮೀಪೂಜೆ. ಮಷಿನ್ನುಗಳಿಗೆಲ್ಲ ಚೆಂಡುಹೂವು, ನಡುವೆ ಕಬ್ಬಿನ ಜಲ್ಲೆ, ದೇವರ ಮುಂದೆ ಕಿರ್ದಿ ಪುಸ್ತಕ. ಕುಂಕುಮ ಹಚ್ಚೋಕೆ ಪುಸ್ತಕ ತೆರೆದೆ. ಒಂದು ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಗುಂಡು ಸುತ್ತಿದ ಅಂಕಿ ಕಾಣಿಸಿತು: ಬಾಕಿ 1,48,800.

"ಇದೇನಪ್ಪಾ?" ಅಂದೆ.

"ಪೂಜಿ ದಿನ ಸಾಲದ ಮಾತ ಬ್ಯಾಡವ್ವಾ" ಅಂದ್ರು. ಆ ಹೆಸರು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಗೆಳೆಯ, ನನ್ನ ಅಕ್ಕನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನಿಂತು ಹೋಳಿಗೆ ಬಡಿಸಿದ ಮನುಷ್ಯ. ಬೆಲ್ಲದ ಗಾಣಗಳನ್ನು ಕಟ್ಟಿಕೊಡುವ ಗುತ್ತಿಗೆದಾರ. ಆ ವರ್ಷ ಹಬ್ಬದ ಊಟಕ್ಕೆ ಅವರು ಬಂದಿರಲಿಲ್ಲ.

ಒಬ್ಬರಿಗಷ್ಟೇ ಬರುವ ಮಾಲು

ನಮ್ಮೂರು ಬೆಲ್ಲದ ಪೇಟೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಸುತ್ತ ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳು, ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳು, ಊರ ಹೊರಗೆ ಗಾಣಗಳು. ಇವೆಲ್ಲದರ ಹಿಂದೆ ನಮ್ಮ ಅಪ್ಪನಂಥವರ ಸಣ್ಣ ಸಣ್ಣ ವರ್ಕ್‌ಶಾಪ್‌ಗಳಿವೆ. ಹಲ್ಲು ಮುರಿದ ಗೇರ್, ಸವೆದ ಬುಶ್, ಹೊಸ ಶಾಫ್ಟ್, ಎಲ್ಲ ಇಲ್ಲೇ ಅಳತೆ ಕೊಟ್ಟು ಮಾಡಿಸಬೇಕು.

ಅಂಗಡಿಯ ಮಾಲಿಗೂ ಅಳತೆ ಕೊಟ್ಟು ಮಾಡಿಸಿದ ಮಾಲಿಗೂ ಇರುವ ವ್ಯತ್ಯಾಸವನ್ನು ನಮ್ಮವ್ವ ಒಂದೇ ಮಾತಿನಲ್ಲಿ ಹೇಳಿದಳು: "ಗುಳೇದಗುಡ್ಡ ಖಣ ಯಾರಿಗರ ಮಾರಬಹುದು. ಅದನ್ನ ಅಳತಿ ಹಿಡಿದು ಕುಪ್ಪಸ ಹೊಲಿದಮ್ಯಾಲ ಮತ್ತೊಬ್ಬರಿಗೆ ಬರತೈತೇನು?"

ಬರಲ್ಲ. ಬೇರಿಂಗ್ ಮಾರುವವನಿಗೆ ಗಿರಾಕಿ ಕೈಕೊಟ್ಟರೆ ಬೇರಿಂಗ್ ಕಪಾಟಿನಲ್ಲಿರುತ್ತದೆ, ನಾಳೆ ಇನ್ನೊಬ್ಬ ಬರುತ್ತಾನೆ. ಒಬ್ಬರ ಗಾಣಕ್ಕೆಂದೇ ಕಡೆದ ಶಾಫ್ಟ್‌ಗೆ ಬೇರೆ ಗಿರಾಕಿಯೇ ಇಲ್ಲ. ಅವರು ಬೇಡ ಅಂದ ಕ್ಷಣ ಅದು ಕೆಜಿ ಲೆಕ್ಕದ ಗುಜರಿ. ಹಾಗಾಗಿ ಇಂಥ ವ್ಯವಹಾರದಲ್ಲಿ ಹಣ ಕೊಡಬೇಕಾದವನ ಕೈ ಯಾವಾಗಲೂ ಮೇಲೆ.

ಹಾಗಂತ ಅವನೂ ಪೂರ್ತಿ ಸುರಕ್ಷಿತ ಅಲ್ಲ. ಹಂಗಾಮು ಶುರುವಾಗುವ ಹೊತ್ತಿಗೆ ಮಾಲು ತಪ್ಪಾಗಿ ಬಂದರೆ ಬೇರೆಲ್ಲೂ ರೆಡಿ ಸಿಗಲ್ಲ. ಹೊಲದಲ್ಲಿ ಕಬ್ಬು ಕಾಯ್ತಿರುತ್ತೆ, ಗಾಣದ ಮಾಲೀಕ ಫೋನ್ ಮೇಲೆ ಫೋನ್ ಮಾಡ್ತಿರ್ತಾನೆ.

ನಡೆದದ್ದು ಇಷ್ಟು

ಆಗಸ್ಟ್‌ನಲ್ಲಿ ಆರ್ಡರ್ ಬಂತು. ಕಬ್ಬು ಅರೆಯುವ ಮೂರು ರೋಲರ್, ಅವುಗಳ ಶಾಫ್ಟ್. ಎರಕವನ್ನು ಅಪ್ಪ ಬೆಳಗಾವಿಯ ಉದ್ಯಮಬಾಗದಿಂದ ಸಾಲದ ಮೇಲೆ ತರಿಸಿದರು. ಬೆಲೆ 1,60,000, ಶೇ 18 ಜಿಎಸ್‌ಟಿ ಸೇರಿ 1,88,800. ಮುಂಗಡ 40,000. ಅಕ್ಟೋಬರ್ 10ಕ್ಕೆ ಮಾಲು ಹೋಯಿತು, ಬಿಲ್ ಹೋಯಿತು.

ಒಂದು ವಾರಕ್ಕೆ ಫೋನ್ ಬಂತು: "ಕೀಲಿ ಕೂಡವಲ್ದು. ನಿನ್ನ ಮಾಲು ಸರಿ ಇಲ್ಲ."

ಶಾಫ್ಟ್ ಮೇಲೆ ಗೇರ್ ಜಾರದೆ ಕೂರಬೇಕಾದರೆ ಎರಡರಲ್ಲೂ ಒಂದು ಗಾಡಿ ಕಡೆದು, ನಡುವೆ ಉಕ್ಕಿನ ಕೀಲಿ ಹೊಡೀತಾರೆ. ಆ ಗಾಡಿಗೆ ಕೀವೇ ಅಂತಾರೆ. ಗುತ್ತಿಗೆದಾರರು ಗೇರ್‌ಗಳನ್ನು ಬೇರೆ ಕಡೆಯಿಂದ ಕೊಂಡಿದ್ದರು. ಅದರ ಕೀವೇ ಆರು ಸೂತ. ಅಪ್ಪ ಶಾಫ್ಟ್‌ನಲ್ಲಿ ಕಡೆದದ್ದು 20 ಎಂಎಂ.

ಸೂತ ಅಂದ್ರೆ ಇಂಚಿನ ಎಂಟನೇ ಒಂದು ಭಾಗ. ನಮ್ಮ ಕಡೆ ಮಿಸ್ತ್ರಿಗಳ ಬಾಯಲ್ಲಿ ಇವತ್ತಿಗೂ ಅದೇ ಅಳತೆ. ಆರು ಸೂತ ಅಂದ್ರೆ ಮುಕ್ಕಾಲು ಇಂಚು, ಅಂದರೆ 19.05 ಎಂಎಂ. 20ಕ್ಕೂ ಅದಕ್ಕೂ ವ್ಯತ್ಯಾಸ 0.95 ಎಂಎಂ. ಒಂದು ಮಿಲಿಮೀಟರ್ ಕೂಡ ಅಲ್ಲ! ಆದರೆ ಗೇರ್‌ಗೆ ಕೂರುವ ಕೀಲಿ ಶಾಫ್ಟ್‌ನಲ್ಲಿ ಲೊಡಲೊಡ ಅನ್ನುತ್ತಿತ್ತು. ಹಂಗಾಮು ಬಿಡುವ ಹಾಗಿಲ್ಲ, ಅವರು ತಗಡಿನ ಚೂರು ತುರುಕಿ ಗಾಣ ಓಡಿಸಿದರು. ಕೀಲಿ ತುಂಡಾಯ್ತು. ಎರಡು ದಿನ ಗಾಣ ನಿಂತಿತು. ಗಾಣದ ಮಾಲೀಕ ಗುತ್ತಿಗೆದಾರರ ಹಣ ಹಿಡಿದ, ಗುತ್ತಿಗೆದಾರರು ಅಪ್ಪನ ಹಣ ಹಿಡಿದರು, ಅಪ್ಪ ಬೆಳಗಾವಿಯ ಎರಕದವರಿಗೆ "ಮುಂದಿನ ವಾರ" ಅನ್ನುತ್ತಾ ಬಂದರು.

ಇಷ್ಟರ ನಡುವೆ ನವೆಂಬರ್ 20 ಬಂತು. ಅಕ್ಟೋಬರ್ ಬಿಲ್ಲಿನ ಜಿಎಸ್‌ಟಿ ಕಟ್ಟಬೇಕು. ಗಿರಾಕಿ ಹಣ ಕೊಟ್ಟನೋ ಇಲ್ಲವೋ ಅಂತ ಅಲ್ಲಿ ಯಾರೂ ಕೇಳಲ್ಲ. ಎರಕದ ಮೇಲೆ ಕೊಟ್ಟ ತೆರಿಗೆ ಕಳೆದು ಉಳಿದದ್ದನ್ನು ಅಪ್ಪ ಅವ್ವನ ಚೀಟಿ ಹಣದಿಂದ ಕಟ್ಟಿದರು.

ನಾನು ಕೂತಿದ್ದು ಎದುರು ಕುರ್ಚಿಯಲ್ಲಿ

ನಾನು ಪೀಣ್ಯದ ಒಂದು ಕಂಪನಿಯ ಖರೀದಿ ವಿಭಾಗದಲ್ಲಿದ್ದೇನೆ. ಅಂದ್ರೆ ಅಪ್ಪನಂಥವರಿಂದ ಮಾಲು ಕೊಳ್ಳೋದೇ ನನ್ನ ಕೆಲಸ. ಡ್ರಾಯಿಂಗ್ ನಂಬರ್, ಎಷ್ಟನೇ ತಿದ್ದುಪಡಿ, ಎಷ್ಟು ಅಳತೆ ಹೆಚ್ಚುಕಮ್ಮಿ ಆಗಬಹುದು, ಯಾರು ಪರೀಕ್ಷಿಸಬೇಕು, ಇಷ್ಟಿಲ್ಲದೆ ನಾನು ಒಂದು ಬೋಲ್ಟ್‌ಗೂ ಆರ್ಡರ್ ಕೊಡಲ್ಲ. ಅಪ್ಪನನ್ನು "ಆರ್ಡರ್ ಕಾಗದ ಎಲ್ಲಿ?" ಅಂತ ಕೇಳಿದೆ. ಫೋನ್ ತೆಗೆದು ತೋರಿಸಿದರು. ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಚಿತ್ರದ ವಾಟ್ಸಾಪ್ ಫೋಟೋ. ಅದರಲ್ಲಿ ಸ್ಪಷ್ಟವಾಗಿ 20 ಅಂತ ಇತ್ತು.

"ನೋಡು, ನಾ ತಪ್ಪು ಮಾಡಿಲ್ಲ" ಅಂದ್ರು ಅಪ್ಪ. ನನಗೂ ಸಿಟ್ಟು ಬಂತು. ಕಾನೂನು ನೋಡೋಣ ಅಂತ ರಾತ್ರಿಯೆಲ್ಲ ಕೂತೆ.

ಕಾನೂನು ನಿಜಕ್ಕೂ ಚೆನ್ನಾಗಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮದಿಂದ ಮಾಲು ಕೊಂಡವರು ಬರವಣಿಗೆಯ ಒಪ್ಪಂದ ಇದ್ದರೆ ಅದರಂತೆ, ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮಾಲಿನಲ್ಲಿ ದೋಷ ಇದ್ದರೆ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು, ಇಲ್ಲದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆಗ ಬ್ಯಾಂಕ್ ದರ ಶೇ 6.75 ಇತ್ತು, ಮೂರು ಪಟ್ಟು ಅಂದ್ರೆ ಶೇ 20.25. ಅಪ್ಪನ ಬಾಕಿಗೆ ತಿಂಗಳಿಗೆ ಸುಮಾರು 2,500 ರೂಪಾಯಿ. ದೂರು ಕೊಡೋಕೆ ಆಗ 2017ರಿಂದಲೇ ಸಮಾಧಾನ್ ಪೋರ್ಟಲ್ ಇತ್ತು, ರಾಜ್ಯದ ಸೌಲಭ್ಯ ಮಂಡಳಿ ಮೊದಲು ರಾಜಿ ಮಾಡಿಸುತ್ತೆ, ಆಗದಿದ್ದರೆ ಪಂಚಾಯ್ತಿಕೆ. ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಕೊಂಡವನು ಮೊದಲು ಶೇ 75ರಷ್ಟು ಹಣ ಕೋರ್ಟಿನಲ್ಲಿ ಇಡಬೇಕು.

ನಮ್ಮ ಕಡೆ ಪ್ರತಿ ಕಬ್ಬು ಬೆಳೆಗಾರನಿಗೂ ಕಾರ್ಖಾನೆ 14 ದಿನದಲ್ಲಿ ಬಿಲ್ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಅನ್ನೋದು ಬಾಯಿಪಾಠ. ಅದೇ ಕಾರ್ಖಾನೆ, ಅದೇ ಗಾಣಕ್ಕೆ ಶಾಫ್ಟ್ ಕಡೆಯುವವನಿಗೆ ತನ್ನ 45 ದಿನದ ಲೆಕ್ಕ ಗೊತ್ತಿರಲ್ಲ.

ಬೆಳಿಗ್ಗೆ ಖುಷಿಯಿಂದ ಕೇಳಿದೆ: "ಅಪ್ಪಾ, ಉದ್ಯಮ್ ನಂಬರ್ ಕೊಡು."

"ಅದೇನದು?"

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಶುರುವಾಗಿದೆ, ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಫೋನಿನಲ್ಲೇ ಆಗುತ್ತೆ. ಅಪ್ಪ ಮಾಡಿಸಿರಲಿಲ್ಲ. ಈಗ ಮಾಡಿಸಿದರೆ ಹಳೆಯ ಬಾಕಿಗೆ ಅನ್ವಯ ಆಗುತ್ತಾ ಅಂತ ನೋಡಿದೆ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ಹೇಳಿಬಿಟ್ಟಿತ್ತು: ಒಪ್ಪಂದದ ನಂತರ ನೋಂದಣಿ ಮಾಡಿಸಿಕೊಂಡರೆ ಹಿಂದಿನ ವ್ಯವಹಾರಕ್ಕೆ ಈ ಕಾಯ್ದೆಯ ಲಾಭ ಸಿಗದು. ಐದು ನಿಮಿಷದ ಕೆಲಸ ಮಾಡದೆ ಬಿಟ್ಟದ್ದಕ್ಕೆ ಆ ಬಾಗಿಲು ಮುಚ್ಚಿತ್ತು. ಉಳಿದದ್ದು ಸಿವಿಲ್ ಕೋರ್ಟ್. ಅದಕ್ಕೆ ಮೂರು ವರ್ಷದ ಅವಧಿ ಇತ್ತು, ನಮ್ಮ ಹತ್ತಿರ ಅಷ್ಟು ಉಸಿರು ಇರಲಿಲ್ಲ.

ಇನ್ನೊಂದು ವಿಷಯವೂ ಚುಚ್ಚಿತು. ಆಫೀಸಿನಲ್ಲಿ ನಾನೂ ಎಷ್ಟೋ ಬಿಲ್‌ಗಳನ್ನು "ಕ್ಯೂಸಿ ಪೆಂಡಿಂಗ್" ಅಂತ ಪಕ್ಕಕ್ಕಿಟ್ಟಿದ್ದೇನೆ. ಅವುಗಳ ಹಿಂದೆ ಯಾರದೋ ಚೀಟಿ ಹಣ ಇರಬಹುದು ಅಂತ ಒಂದು ದಿನವೂ ಅನಿಸಿರಲಿಲ್ಲ.

ವರ್ನಿಯರ್ ಹಿಡಿದ ಪಂಚ

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ. ಈ ಸಲ ಅಪ್ಪನಿಗೆ ಕೆಲಸ ಕಲಿಸಿದ ರಬಕವಿಯ ಹಿರಿಯ ಮಿಸ್ತ್ರಿಯನ್ನು ಕರೆದುಕೊಂಡು ಗಾಣಕ್ಕೇ ಹೋದೆವು. ಗುತ್ತಿಗೆದಾರರೂ ಬಂದರು. ಮೂರು ತಿಂಗಳಲ್ಲಿ ಶಾಫ್ಟನ್ನೂ ಗೇರನ್ನೂ ಒಟ್ಟಿಗೆ ಇಟ್ಟು ಇಬ್ಬರೂ ಕೂಡಿ ನೋಡಿದ್ದು ಅದೇ ಮೊದಲು. "ಅವಾ ತೋರಸಾಕ ಬರಲಿಲ್ಲ" ಅಂತ ಅಪ್ಪ. "ಅವಾ ನೋಡಾಕ ಬರಲಿಲ್ಲ" ಅಂತ ಅವರು.

ಮಿಸ್ತ್ರಿ ಕಾಗದ ಕೇಳಲಿಲ್ಲ. ಜೇಬಿನಿಂದ ವರ್ನಿಯರ್ ತೆಗೆದು ಎರಡೂ ಕಡೆ ಅಳೆದರು. ಆಮೇಲೆ ಅಪ್ಪನ ಕಡೆ ತಿರುಗಿದರು: "ಚಿತ್ರದಾಗ 20 ಐತಿ, ಖರೆ. ಆಮ್ಯಾಲ ಇವ ಫೋನ್ ಮಾಡಿ ಆರು ಸೂತ ಅಂದಿದ್ನೋ ಇಲ್ಲೋ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದಿದ್ದ. 20 ಅಂದ್ರೂ ಆರು ಸೂತ ಅಂದ್ರೂ ಒಂದ ಅಲ್ಲೇನು ಅಂತ ಬಿಟ್ಟೆ."

ಆ ಮಾತು ಹೇಳೋಕೆ ಅಪ್ಪನಿಗೆ ಎಷ್ಟು ಕಷ್ಟವಾಯ್ತು ಅಂತ ನನಗೆ ಗೊತ್ತು. ನಲವತ್ತು ವರ್ಷ ಲೇಥ್ ಮುಂದೆ ನಿಂತವರು. ಅವರು ಒಪ್ಪಿಕೊಂಡ ಮೇಲೆ ಗುತ್ತಿಗೆದಾರರೂ ಇಳಿದರು: ಹೊಸ ಚಿತ್ರ ಕಳಿಸಬೇಕಿತ್ತು, ಕಳಿಸಲಿಲ್ಲ. ತಗಡು ತುರುಕಬಾರದಿತ್ತು, ತುರುಕಿದೆ.

ಪರಿಹಾರ ಮಿಸ್ತ್ರಿಯೇ ಹೇಳಿದರು. ಮೆಟ್ಟಿಲು ಕೀಲಿ! ಕೆಳಗಿನ ಅರ್ಧ 20 ಎಂಎಂ, ಮೇಲಿನ ಅರ್ಧ ಆರು ಸೂತ. ಶಾಫ್ಟಿಗೂ ಕೂರುತ್ತೆ, ಗೇರಿಗೂ ಕೂರುತ್ತೆ. ಅಪ್ಪ ಮರುದಿನವೇ ಮೂರು ಕೀಲಿ ಮಾಡಿದರು. ಖರ್ಚು ಒಂದು ಊಟದಷ್ಟೂ ಇಲ್ಲ.

ಹಣದ ಮಾತಿಗೆ ಮಾತ್ರ ಇನ್ನೊಂದು ತಾಸು ಹಿಡಿಯಿತು. ಅವರು ಎರಡು ದಿನದ ನಷ್ಟಕ್ಕೆ 30,000 ಕೇಳಿದರು, ಅಪ್ಪ ಒಂದು ರೂಪಾಯಿಯೂ ಇಲ್ಲ ಅಂದರು. ಆಗ ನಾನು ಓದಿದ್ದು ಉಪಯೋಗಕ್ಕೆ ಬಂತು. 1930ರ ಸರಕು ಮಾರಾಟ ಕಾಯ್ದೆಯಂತೆ, ಮಾಲನ್ನು ತಿರಸ್ಕರಿಸದೆ ತನ್ನದೆಂದು ಬಳಸಿಕೊಂಡವನು ಅದನ್ನು ಒಪ್ಪಿಕೊಂಡ ಹಾಗೆ. ಪೂರ್ತಿ ಹಣ ತಡೆಯುವಂತಿಲ್ಲ. ಆದರೆ ದೋಷದಿಂದಾದ ನಷ್ಟವನ್ನು ಬೆಲೆಯಲ್ಲಿ ಕಳೆಯಲು ಕೇಳಬಹುದು. ಅಂದ್ರೆ ಇಬ್ಬರೂ ಅರ್ಧ ಸರಿ. 12,000 ಕಳೆದು 1,36,800ಕ್ಕೆ ನಿಂತಿತು. ಮಾರ್ಚ್ ಕೊನೆಯೊಳಗೆ ಮೂರು ಕಂತಿನಲ್ಲಿ ಬಂತು. ಮೊದಲ ಕಂತು ನೇರ ಬೆಳಗಾವಿಗೆ ಹೋಯಿತು, ಕೊನೆಯದರಲ್ಲಿ ಅವ್ವನ ಚೀಟಿ ಹಣ ವಾಪಸ್ ಬಂತು.

ನಿಮ್ಮ ಮನೆಯಲ್ಲೂ ಇಂಥ ಅಂಗಡಿ ಇದ್ದರೆ

ಊರಲ್ಲಿ ಅಪ್ಪ, ಅಣ್ಣ, ಮಾವ ಇಂಥ ಕೆಲಸದಲ್ಲಿದ್ದರೆ ಮುಂದಿನ ರಜೆಯಲ್ಲಿ ಇಷ್ಟು ಮಾಡಿಕೊಡಿ:

• ಉದ್ಯಮ್ ನೋಂದಣಿ ಇವತ್ತೇ ಮಾಡಿಸಿ. ಬಿಲ್ಲಿನ ಮೇಲೆ ಆ ನಂಬರ್ ಅಚ್ಚಾಗಲಿ. 2023-24ರ ಲೆಕ್ಕದಿಂದ ಅತಿಸಣ್ಣ, ಸಣ್ಣ ಉದ್ಯಮದ ಬಾಕಿಯನ್ನು ಗಡುವಿನೊಳಗೆ ಕೊಡದವರಿಗೆ, ಕೊಡುವ ವರ್ಷದವರೆಗೂ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರಲ್ಲ. ನಮ್ಮ ಆಫೀಸಿನಲ್ಲೇ 2024ರ ಮಾರ್ಚ್‌ನಲ್ಲಿ ಎಲ್ಲ ಸಪ್ಲೈಯರ್‌ಗಳ ಉದ್ಯಮ್ ನಂಬರ್ ಹುಡುಕಾಟ ಜೋರಾಗಿತ್ತು.

• ಕೆಲಸ ಶುರುವಾಗುವ ಮುಂಚೆ ಒಂದು ವಾಟ್ಸಾಪ್ ಸಂದೇಶ: ಅಳತೆ, ಅದು ಎಂಎಂನಲ್ಲೋ ಇಂಚಿನಲ್ಲೋ, ಲೋಹ ಯಾವುದು, ಬೆಲೆ, ಯಾವ ದಿನ ಹಣ. ಎದುರಿನವರು "ಸರಿ" ಅಂತ ಉತ್ತರ ಕೊಟ್ಟ ಮೇಲೆ ಮಷಿನ್ ಆನ್. ಫೋನಿನಲ್ಲಿ ಬದಲಾವಣೆ ಹೇಳಿದರೆ ಅದನ್ನೂ ಬರೆದು ಕಳಿಸಿ.

• ಮುಂಗಡ ಕನಿಷ್ಠ ಕಚ್ಚಾಮಾಲಿನ ಖರ್ಚನ್ನಾದರೂ ತುಂಬಲಿ. ಬೇರೆ ಯಾರಿಗೂ ಬರದ ಮಾಲಿಗೆ ಇದೇ ನಿಜವಾದ ವಿಮೆ.

• ರಿಪೇರಿಗೆ ಬಂದ ಮಾಲಾದರೆ, ಹೇಳಿದ ಹಾಗೆ, ಹೇಳಿದ ಹೊತ್ತಿಗೆ ಕೆಲಸ ಮುಗಿಸಿದ್ದರೆ, ಕೂಲಿ ಕೊಡುವವರೆಗೂ ಅದನ್ನು ಇಟ್ಟುಕೊಳ್ಳುವ ಹಕ್ಕು ಗುತ್ತಿಗೆ ಕಾಯ್ದೆಯ 170ನೇ ಕಲಮಿನಲ್ಲಿದೆ.

• ನೀವು ಕೊಳ್ಳುವ ಕಡೆ ಇದ್ದರೆ, ದೋಷ ಕಂಡ ದಿನವೇ ಫೋಟೋ ಸಮೇತ ಬರೆದು ತಿಳಿಸಿ. ಬಾಯಿಮಾತಲ್ಲಿ ಬೈದು ಹಣ ಹಿಡಿಯಬೇಡಿ.

ಈಗ ಅಪ್ಪನ ಲೇಥ್ ಪಕ್ಕ ದಾರಕ್ಕೆ ಕಟ್ಟಿದ ಒಂದು ನೋಟ್‌ಬುಕ್ ನೇತಾಡುತ್ತೆ. ಯಾರೇ ಬಂದು ಅಳತೆ ಹೇಳಿದರೂ ಮೊದಲು ಕೇಳೋದು ಒಂದೇ: "ಸೂತೋ, ಎಂಎಂಓ? ಬರದು ಸಹಿ ಹಾಕ್ರಿ." ಹಳೆ ಗಿರಾಕಿಗಳು ನಗ್ತಾರೆ. "ಏನ್ ಸಾವಕಾರ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಅಂತಾರೆ.

"ನಿಮ್ಮ ಮ್ಯಾಲ ಐತ್ರಿ, ನನ್ನ ಕಿವಿ ಮ್ಯಾಲ ಇಲ್ಲ" ಅಂತಾರೆ ಅಪ್ಪ.

ಹೋದ ದೀಪಾವಳಿಗೆ ಆ ಗುತ್ತಿಗೆದಾರ ಕಾಕಾ ಊಟಕ್ಕೆ ಬಂದಿದ್ದರು. ಹೋಳಿಗೆ ನಾನೇ ಬಡಿಸಿದೆ. ರಜೆ ಮುಗಿಸಿ ಪೀಣ್ಯಕ್ಕೆ ಬಂದ ದಿನ, ನನ್ನ ಪಟ್ಟಿಯಲ್ಲಿ ಪೆಂಡಿಂಗ್ ಇದ್ದ ಒಂದು ಬಿಲ್ ತೆಗೆದು ಆ ಸಪ್ಲೈಯರ್‌ಗೆ ಫೋನ್ ಮಾಡಿದೆ: "ಸರ್, ನಿಮ್ಮ ಪಾರ್ಟ್‌ನಲ್ಲಿ ಒಂದು ಅಳತೆ ತಕರಾರಿದೆ. ನಾಳೆ ಬರ್ತೀರಾ, ಇಬ್ಬರೂ ಕೂತು ನೋಡೋಣ?"