ಉಸಿರಿನ ದಾರಿ: ಕಿರಿಯ ವೈದ್ಯರ ಕೈಗಳಿಗೆ ತರಬೇತಿ ಏಕೆ?

ಪ್ರತಿ ವರ್ಷ ಫೆಬ್ರವರಿ 3ರಂದು, ಸಂತ ಬ್ಲೇಸರ ಹಬ್ಬದ ದಿನ, ಎರಡು ಮೇಣದ ಬತ್ತಿಗಳನ್ನು ಅಡ್ಡವಾಗಿ ಹಿಡಿದು ಗಂಟಲನ್ನು ಆಶೀರ್ವದಿಸುವ ಪದ್ಧತಿ ನಮ್ಮಲ್ಲಿದೆ. ಮೀನಿನ ಮುಳ್ಳು ಸಿಕ್ಕಿಕೊಂಡಿದ್ದ ಬಾಲಕನನ್ನು ಈ ಸಂತರು ಬದುಕಿಸಿದರು, ಅವರು ವೈದ್ಯರೂ ಆಗಿದ್ದರು ಎಂಬುದು ಪರಂಪರೆ. ಗಂಟಲಿಗಾಗಿ ಪ್ರಾರ್ಥಿಸುವ ನಾವು, ಆಸ್ಪತ್ರೆಯಲ್ಲಿ ಅದನ್ನು ಕಾಯುವ ಕಿರಿಯ ವೈದ್ಯರು ಆ ಕೆಲಸವನ್ನು ಹೇಗೆ ಕಲಿಯುತ್ತಾರೆಂದೂ ತಿಳಿದಿರಬೇಕು.

ಆಮ್ಲಜನಕ ದೊರೆಯದಿದ್ದರೆ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿಯಾಗತೊಡಗುತ್ತದೆ. ಪ್ರಜ್ಞೆ ತಪ್ಪಿದವರ ನಾಲಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಮುಚ್ಚಬಹುದು. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಎತ್ತಿದರೆ ಅನೇಕ ಬಾರಿ ಅಷ್ಟರಿಂದಲೇ ದಾರಿ ತೆರೆಯುತ್ತದೆ. ಕುತ್ತಿಗೆಗೆ ಪೆಟ್ಟಾಗಿರುವ ಸಂಶಯವಿದ್ದರೆ ತಲೆ ಬಾಗಿಸದೆ ಕೆಳದವಡೆಯನ್ನು ಮುಂದಕ್ಕೆ ಎತ್ತಬೇಕು.

ಪುಸ್ತಕದಲ್ಲಿ ಇದು ನಾಲ್ಕು ಸಾಲಿನ ವಿಷಯ. ಕೈಗೆ ಮಾತ್ರ ಸುಲಭವಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾಸ್ಕನ್ನು ಒತ್ತಿ ಹಿಡಿದು, ಉಳಿದ ಮೂರು ಬೆರಳುಗಳಿಂದ ದವಡೆಯನ್ನು ಎತ್ತಿ, ಇನ್ನೊಂದು ಕೈಯಿಂದ ಚೀಲವನ್ನು ಒತ್ತಬೇಕು. ಮಾಸ್ಕ್ ಸರಿಯಾಗಿ ಕೂರದಿದ್ದರೆ ಗಾಳಿ ಸೋರುತ್ತದೆ. ಜೋರಾಗಿ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುವ ಅಪಾಯವಿದೆ. ನಳಿಕೆ ಹಾಕುವಾಗ ಅದು ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಬಹುದು. ಆದ್ದರಿಂದ ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆದು ಖಚಿತಪಡಿಸಿಕೊಳ್ಳಬೇಕು. ಇವೆಲ್ಲವನ್ನೂ ಮೊದಲು ಗೊಂಬೆಯ ಮೇಲೆ, ಹಿರಿಯರ ಕಣ್ಣೆದುರು, ಮತ್ತೆ ಮತ್ತೆ ಮಾಡಿ ಕಲಿಯಬೇಕು. ಮೊದಲ ತಪ್ಪು ಗೊಂಬೆಯ ಮೇಲಾಗಲಿ, ರೋಗಿಯ ಮೇಲಲ್ಲ.

ಕೈಚಳಕವೊಂದೇ ಸಾಲದೆಂಬುದಕ್ಕೆ 2005ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಘಟನೆ ಸಾಕ್ಷಿ. ಎಲೇನ್ ಬ್ರೋಮಿಲಿ ಎಂಬ ತಾಯಿ ಸೈನಸ್‌ನ ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ಹೋದವರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅನುಭವಿ ವೈದ್ಯರೇ ಇದ್ದರೂ ನಳಿಕೆ ಹಾಕುವ ಯತ್ನದಲ್ಲೇ ಸಮಯ ಕಳೆಯಿತು. ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಲಕರಣೆಯನ್ನು ನರ್ಸ್ ತಂದಿಟ್ಟಿದ್ದರೂ ಅದು ಬಳಕೆಯಾಗಲಿಲ್ಲ. ಕೆಲ ದಿನಗಳ ಬಳಿಕ ಆ ತಾಯಿ ತೀರಿಕೊಂಡರು. ವಿಮಾನ ಚಾಲಕರಾಗಿದ್ದ ಅವರ ಪತಿ ಸೇಡಿಗೆ ಹೊರಡಲಿಲ್ಲ. ಇಂತಹ ತಪ್ಪು ಮರುಕಳಿಸದಂತೆ ವೈದ್ಯರಿಗೆ ತಿಳಿಹೇಳುವ ಕಾರ್ಯಕ್ಕೆ ಇಳಿದರು.

ಇಂದಿನ ತರಬೇತಿಯಲ್ಲಿ ಈ ಪಾಠವೂ ಸೇರಿದೆ. ನಳಿಕೆ ಮುಖ್ಯವಲ್ಲ, ಆಮ್ಲಜನಕ ಮುಖ್ಯ. ಯತ್ನಗಳಿಗೆ ಮಿತಿಯಿರಬೇಕು, ಬೇಗನೆ ಸಹಾಯಕ್ಕೆ ಕರೆಯಬೇಕು, ನರ್ಸ್ ಹೇಳಿದ ಮಾತನ್ನೂ ಕೇಳಬೇಕು. ಭಾರತದ ತಜ್ಞರೂ 2016ರಲ್ಲಿ ಇಂತಹ ಸಂದರ್ಭಗಳಿಗೆ ಮಾರ್ಗಸೂಚಿ ಪ್ರಕಟಿಸಿದ್ದಾರೆ.

1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸೇವೆ 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಕಂಡಿತು. ರೋಗಿಗಳ ಸೇವೆಯ ಜೊತೆಗೆ ಸೇವಕರನ್ನು ಸಿದ್ಧಗೊಳಿಸುವುದೂ ಧರ್ಮಸಭೆಯ ಹೊಣೆಯೇ. ಹೊಸ ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ. ತರಬೇತಿಯ ಗೊಂಬೆಗೆ, ಕಲಿಸುವವರ ಸಮಯಕ್ಕೆ ದಾನ ಕೊಡುವವರು ಅಪರೂಪ. ಆದರೆ ನಡುರಾತ್ರಿ ನಮ್ಮ ಮನೆಯವರನ್ನು ಕರೆದೊಯ್ದಾಗ ಮೊದಲು ಎದುರಾಗುವವರು ಆ ಕಿರಿಯ ವೈದ್ಯರೇ. ಮುಂದಿನ ಸಂತ ಬ್ಲೇಸರ ಹಬ್ಬದಂದು ಗಂಟಲಿನ ಆಶೀರ್ವಾದದೊಂದಿಗೆ ಅವರ ಕೈಗಳಿಗಾಗಿಯೂ ಪ್ರಾರ್ಥಿಸೋಣ, ಅವರ ಕಲಿಕೆಗೆ ನೆರವಾಗೋಣ.